ತೊಗರಿ ಹೂವಿನ ಹಳದಿ

ಹವಾಮಾನ ಬದಲಾವಣೆ ಕುರಿತ ಮಕ್ಕಳ ಅನಿಮೇಷನ್ ಚಿತ್ರವೊಂದಕ್ಕೆ ಶೀರ್ಷಿಕೆಯ ಅಕ್ಷರ, ಬಣ್ಣ, ಗುರುತಿನ ಚಿತ್ರ ಮಾಡಿಕೊಡುವ ಕೆಲಸ ನನಗೆ ಬಂದಿತ್ತು. ಆಳಂದದ ಮನೆಯಲ್ಲೇ ಕೂತು, ಬಿರುಕು ಬಿಟ್ಟ ಕಪ್ಪು ನೆಲದಿಂದ ಅಕ್ಷರಗಳು ಎದ್ದು ಬರುವ ಹಾಗೆ ಬರೆದೆ. ನೋಡಿದ ಕೂಡಲೇ ಭೂಮಿಯ ಸಂಕಟ ಮಕ್ಕಳಿಗೆ ತಟ್ಟುತ್ತದೆ ಎಂದುಕೊಂಡಿದ್ದೆ.

ಸರಸಂಬಾದ ಶಾಲೆಯಲ್ಲಿ ಕಲಿಸುವ ನನ್ನ ಅಕ್ಕ, ಅದನ್ನು ತನ್ನ ತರಗತಿಗೆ ತೋರಿಸಲು ಕರೆದಳು. ಮಕ್ಕಳು ನೋಡಿದರು. ಯಾರ ಮುಖವೂ ಬಾಡಲಿಲ್ಲ.

"ಇದು ಬ್ಯಾಸಿಗಿ ಹೊಲ ಅಲ್ರಿ?" ಅಂದಳು ಒಬ್ಬ ಹುಡುಗಿ. "ಪ್ರತಿ ವರ್ಷ ಹಿಂಗ ಬಿರೀತದ. ನಾವು ಅದರಾಗ ಗೋಲಿ ಹಾಕಿ ಆಡ್ತೇವ್ರಿ."

"ಮತ್ತ ನಿನಗ ಹೆದರಿಕಿ ಆಗಿದ್ದು ಯಾವಾಗ?" ಎಂದು ಕೇಳಿದೆ.

"ಹೋದ ವರ್ಷ ತೊಗರಿ ಹೂ ಬಿಟ್ಟಾಗ ಬರಬಾರದ ಮಳಿ ಬಂತ್ರಿ. ಮುಂಜಾನಿ ನೋಡಿದ್ರ ಹೂ ಎಲ್ಲಾ ಕೆಳಗ ಬಿದ್ದಿದ್ವು. ಹೂ ಉದುರಿದ್ರ ಕಾಯಿ ಆಗಂಗಿಲ್ರಿ. ಅವತ್ತ ಅವ್ವ ಮಾತೇ ಆಡಲಿಲ್ಲ."

ಮನೆಗೆ ಬಂದು ಬಿರುಕುಗಳನ್ನು ಅಳಿಸಿದೆ. ಕಪ್ಪು ನೆಲದ ಮೇಲೆ ಉದುರಿದ ಹಳದಿ ಹೂಗಳಿಂದ ಅಕ್ಷರ ಕಟ್ಟಿದೆ. ಚಿತ್ರದ ನಿರ್ದೇಶಕಿ ಫೋನಿನಲ್ಲಿ, "ಚೆನ್ನಾಗಿದೆ, ಆದರೆ ಬಿರುಕಿಲ್ಲದಿದ್ದರೆ ವಿಷಯ ಯಾರಿಗೆ ಗೊತ್ತಾಗುತ್ತೆ?" ಎಂದರು. ಹುಡುಗಿ ಹೇಳಿದ್ದನ್ನು ಅವರಿಗೂ ಹೇಳಿದೆ. ಬಹಳ ಮಾತಾದ ಮೇಲೆ ಪೋಸ್ಟರಿನಲ್ಲಿ ಬಿರುಕು ಇರಲಿ, ಶೀರ್ಷಿಕೆಯಲ್ಲಿ ಹೂವು ಇರಲಿ ಎಂದು ಒಪ್ಪಿದರು.

ನನಗೆ ಪೂರ್ತಿ ಸಮಾಧಾನವಾಗಲಿಲ್ಲ. ಬೇರೆ ಊರಿನ ಮಕ್ಕಳು ಆ ಹಳದಿಯನ್ನು ಹಬ್ಬದ ಬಣ್ಣವೆಂದೇ ತಿಳಿಯಬಹುದು. ಆಗ ಪಕ್ಕದಲ್ಲಿ ಕೂತ ಯಾರಾದರೂ ಅವರಿಗೆ ತೊಗರಿಯ ಬಗ್ಗೆ ಹೇಳಬೇಕಾಗುತ್ತದೆ.