ಮೇಜಿನಿಂದ ಉಪ್ಪಿನ ಬಟ್ಟಲು ಇಳಿಸಿದ ಡಾಕ್ಟ್ರಮ್ಮ

ಬಿಪಿ ಮಿಷನ್ನಿನ ಚೀಲ ಸದಾ ಹೆಗಲಿಗೆ ನೇತಾಡುತ್ತಿದ್ದುದರಿಂದ ಡಾಕ್ಟ್ರಮ್ಮನ ಸೀರೆ ಎಡಗಡೆ ಆ ಒಂದು ಜಾಗದಲ್ಲಿ ಮುದುರಿಯೇ ಇರುತ್ತಿತ್ತು. ಎಷ್ಟೇ ಗರಿಗರಿಯಾಗಿ ಇಸ್ತ್ರಿ ಮಾಡಿ ಉಟ್ಟರೂ ಅಷ್ಟೆ. ನಡಿಗೆ ಬೀಸು, ದನಿ ದೊಡ್ಡದು. ಅವರ ಅಪ್ಪ ಮಳವಳ್ಳಿ ಕಡೆಯ ಬ್ಲಫ್ ಎಂಬ ಊರಲ್ಲಿ, ಕರೆಂಟು ತಯಾರಿಸುವ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದವರು. ಮಿಷನ್ನಿನ ಗದ್ದಲದಲ್ಲಿ ಕೂಗಿ ಕೂಗಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದರು, ನನಗೂ ಅದೇ ಬಂತು ಎಂದು ನಗುತ್ತಿದ್ದರು. ಓದಿ ಸರ್ಕಾರಿ ಡಾಕ್ಟರಾಗಿ ಮದ್ದೂರಿಗೆ ಬಂದರೂ ಮಾತು ಮಾತ್ರ ನಮ್ಮದೇ, ಒರಟು.

ನಮ್ಮದು ಮದ್ದೂರಿನ ಹಳೇ ರಸ್ತೆಯ ಮುದ್ದೆ ಹೋಟೆಲು. ಒಲೆ ನಮ್ಮ ಯಜಮಾನರದು. ಗಲ್ಲಾ ಮತ್ತು ಜಗಳ ನನ್ನದು. ಹೊಸ ಹೈವೇ ಆದ ಮೇಲೆ ಬೆಂಗಳೂರು-ಮೈಸೂರಿನ ಕಾರುಗಳು ಊರ ಹೊರಗಿನಿಂದಲೇ ಹಾರಿಹೋಗತೊಡಗಿದವು. ಉಳಿದವರು ಕೋರ್ಟಿಗೆ ಬರುವವರು, ನಿಡಘಟ್ಟದ ಕಡೆಯಿಂದ ಸಂತೆಗೆ ಬರುವ ರೈತರು, ಬಸ್ ಡ್ರೈವರುಗಳು. ಇವರೂ ಕೈಬಿಟ್ಟರೆ ಬೀಗ ಜಡಿಯುವುದೊಂದೇ ದಾರಿ. ಅಂಥ ಹೊತ್ತಿನಲ್ಲಿ ಈಯಮ್ಮ ಬಂದು, ಹೋಟೆಲು ಊಟದಲ್ಲಿ ಉಪ್ಪು ಕಡಿಮೆ ಮಾಡಿಸಿ ಎಂದು ಇಲಾಖೆಯವರು ಹೇಳಿದ್ದಾರೆ ಎಂದರೆ ಮೈಯೆಲ್ಲ ಉರಿಯದೆ ಇರುತ್ತದೆಯೇ.

"ಉಪ್ಪು ಕಮ್ಮಿ ಮಾಡುದ್ರೆ ಗಿರಾಕೀನೂ ಕಮ್ಮಿ ಆಯ್ತಾರೆ ಕಣ್ ಮೇಡಂ. ನಮ್ ಹೊಟ್ಟೆ ಮ್ಯಾಲೆ ಯಾಕ್ ಹೊಡೀತೀರಿ?" ಎಂದೆ.

ಅವರು ನೇರ ಅಡುಗೆಮನೆಗೆ ನುಗ್ಗಿದರು. ಯಜಮಾನರು ಸೌಟಿನಿಂದ ಅಂಗೈಗೆ ಸಾರು ಬಿಟ್ಟುಕೊಂಡು ನೆಕ್ಕುತ್ತಿದ್ದರು. ಡಾಕ್ಟ್ರಮ್ಮ ಅಲ್ಲೇ ಅಕ್ಕಿ ಮೂಟೆಯ ಮೇಲೆ ಅವರನ್ನು ಕೂರಿಸಿ ತೋಳಿಗೆ ಪಟ್ಟಿ ಸುತ್ತಿದರು. ಎರಡು ಸಲ ನೋಡಿದರು. ಮುಖದ ನಗು ಹೋಯಿತು.

"ಗಿರಾಕಿ ಒಂದೊತ್ತು ಉಂಡು ಓಯ್ತಾನೆ ಕಣಮ್ಮ. ಇವ್ನು ಬೆಳಗ್ನಿಂದ ಸಂಜೆಗಂಟ ನೆಕ್ತಾನೆ. ನಾಲಿಗೆ ಮರಗಟ್ಟೋಗದೆ. ಇವ್ನಿಗೆ ಸಪ್ಪೆ ಅನ್ಸುತ್ತೆ, ಇನ್ನೊಂದು ಹಿಡಿ ಹಾಕ್ತಾನೆ, ಊರೆಲ್ಲ ಅದನ್ನೇ ಉಣ್ತದೆ. ನಿನ್ ಗಂಡಂಗೆ ಲಕ್ವ ಹೊಡೆಯೋಕೆ ಬಾಕಿ ಏನೂ ಉಳ್ದಿಲ್ಲ. ಹೋಟ್ಲು ಆಮೇಲೆ ನೋಡ್ಕೊ, ಮೊದ್ಲು ಆಸ್ಪತ್ರೆಗೆ ನಡಿ."

ಒಲೆ ಆರಿಸಿ, ಯಜಮಾನರನ್ನು ಎಬ್ಬಿಸಿಕೊಂಡು ಡಾಕ್ಟ್ರಮ್ಮನ ಹಿಂದೆ ಆಸ್ಪತ್ರೆಗೆ ಹೊರಟೆ. ಅಂದಿನಿಂದಲೇ ಮಾತ್ರೆ ಶುರುವಾಯಿತು. ಅವರು ಹೇಳಿದಂತೆ ಸಾರಿನ ಉಪ್ಪನ್ನು ಅರ್ಧಕ್ಕೆ ಇಳಿಸಿದೆವು. ಎಡವಿದ್ದು ಅಲ್ಲೇ.

ಮುದ್ದೆಗೆ ನಾವು ಉಪ್ಪು ಹಾಕುವುದಿಲ್ಲ. ಮುದ್ದೆಯ ಉಪ್ಪೂ ಸಾರಿನಲ್ಲೇ ಇರಬೇಕು. ಮಳವಳ್ಳಿ ಬಸ್ಸಿನ ಡ್ರೈವರೊಬ್ಬ, ನಿತ್ಯದ ಗಿರಾಕಿ, ಒಂದು ತುತ್ತು ನುಂಗಿ ತಟ್ಟೆ ತಳ್ಳಿದ. "ಏನಕ್ಕ ಇದು, ಸಾರಾ ಇಲ್ಲ ಕೈ ತೊಳೆಯೋ ನೀರಾ?" ಎಂದು ಎದ್ದು ಹೋದವನು ತಿರುಗಿ ಬರಲಿಲ್ಲ. ಅವನ ಹಿಂದೆ ಉಳಿದವರೂ ಹೋದರು. ಬೆಂಚುಗಳು ಖಾಲಿ ಹೊಡೆದವು. ಒಂದು ಕಡೆ ಗಂಡ, ಇನ್ನೊಂದು ಕಡೆ ಅನ್ನ. ಸಿಟ್ಟು ನೆತ್ತಿಗೇರಿ ನೇರ ಆಸ್ಪತ್ರೆಗೆ ಹೋದೆ.

"ಮೇಡಂ, ನೀವು ಮುದ್ದೆ ಉಣ್ಣೋದ ಬುಟ್ಟು ಎಷ್ಟ್ ವರ್ಸ ಆಯ್ತು? ಮುದ್ದೆಗೆ ಉಪ್ಪಿರಲ್ಲ ಅನ್ನೋದೂ ಮರ್ತೋಯ್ತಾ?"

ಸಾಲಿನಲ್ಲಿ ನಿಂತಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು. ಬೇರೆ ಯಾರೇ ಆಗಿದ್ದರೂ ನನ್ನನ್ನು ಹೊರಗೆ ಹಾಕಿಸುತ್ತಿದ್ದರು. ಡಾಕ್ಟ್ರಮ್ಮ ಹಣೆ ಚಚ್ಚಿಕೊಂಡರು. "ತಪ್ಪು ನಂದೇ ಕಣವ್ವ. ಅನ್ನ ಉಣ್ಣೋರ ಲೆಕ್ಕ ಹಾಕ್ಬುಟ್ಟೆ. ಮಧ್ಯಾಹ್ನ ಬತ್ತೀನಿ, ಒಂದು ಮುದ್ದೆ ಮಡುಗಿರು." ಅಷ್ಟು ಜನರ ಎದುರಿಗೆ ತಪ್ಪೊಪ್ಪಿಕೊಂಡ ಅಧಿಕಾರಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅವತ್ತೇ ಅವರ ಮೇಲೆ ಪ್ರೀತಿ ಹುಟ್ಟಿತು.

ಬಂದವರೇ ಸಾರಿಗೆ ಮೊದಲಿನಷ್ಟೇ ಉಪ್ಪು ಹಾಕಿಸಿದರು. ಅಂದಿನಿಂದ ಅವರ ಮಧ್ಯಾಹ್ನದ ಊಟ ನಮ್ಮಲ್ಲೇ. ಉಣ್ಣುತ್ತಲೇ ಪಕ್ಕದವರ ತಟ್ಟೆ ನೋಡುವರು. ಒಂದು ದಿನ ನನ್ನ ಸೆರಗು ಜಗ್ಗಿ, "ನೋಡಲ್ಲಿ, ಇನ್ನೂ ಬಾಯಿಗಿಟ್ಟಿಲ್ಲ, ಕೈ ಆಗ್ಲೇ ಉಪ್ಪಿನ ಬಟ್ಲಿಗೋಯ್ತು" ಎಂದರು. ನಿಜ. ಅನ್ನ ಉಣ್ಣುವವರೂ ಮುದ್ದೆಯ ಸಾರನ್ನೇ ಸುರಿದುಕೊಂಡು, ರುಚಿಯೂ ನೋಡದೆ ಮೇಲೊಂದು ಚಿಟಿಕೆ ಉದುರಿಸುತ್ತಿದ್ದರು. ಜೊತೆಗೆ ಉಪ್ಪಿನಕಾಯಿ, ಉಪ್ಪು ಹಾಕಿದ ಮಜ್ಜಿಗೆ.

"ಸಾರು ಮುಟ್ಬೇಡ ಸದ್ಯಕ್ಕೆ. ಬಟ್ಲು ಎತ್ತು. ಕೇಳ್ದೋರಿಗೆ ಮಾತ್ರ ಕೊಡು. ಮಜ್ಗೆ ಸಪ್ಪೆ ಕೊಡು, ಉಪ್ಪಿನ್ಕಾಯಿ ಒಳಗಿಡು. ಆಮೇಲೆ ಸಾರಿಂದು ಒಂದೊಂದೇ ಚಿಟ್ಕೆ ಇಳ್ಸುವ. ಬೆಳ್ಳುಳ್ಳಿ, ಹುಣಸೆ ಮುಂದ್ ಮಾಡು. ಇನ್ಮೇಲೆ ರುಚಿ ನೋಡೋದು ನೀನು, ಅವ್ನಲ್ಲ."

ಸಾರು ಮೊದಲಿನಂತಾಯಿತೆಂದು ಸುದ್ದಿ ಹೋಗಿ ಡ್ರೈವರ್ ಮತ್ತೆ ಬಂದ. ಬಟ್ಟಲೆಲ್ಲಿ ಎಂದು ಗದರಿಸಿದ. ಡಾಕ್ಟ್ರಮ್ಮ ತಾವೇ ಎದ್ದು ತಂದು ಅವನ ಮುಂದೆ ಹಿಡಿದರು. "ತಕಳಪ್ಪ. ಮೊದ್ಲು ಎರಡು ತುತ್ತು ನುಂಗು, ಆಮೇಲೂ ಬೇಕು ಅನ್ಸುದ್ರೆ ಹಾಕೊ." ಅವನು ಉಂಡ. ಇನ್ನೊಂದು ಮುದ್ದೆ ಹಾಕಿಸಿಕೊಂಡ. ಬಟ್ಟಲು ಮುಟ್ಟದೆ ಕೈ ತೊಳೆದ. ಡಾಕ್ಟ್ರಮ್ಮ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಮುಂದೆ ತಿಂಗಳುಗಟ್ಟಲೆ ನಾವು ಸಾರಿನ ಉಪ್ಪು ಇಳಿಸುತ್ತ ಹೋದದ್ದು ಅವನ ನಾಲಿಗೆಗೆ ಗೊತ್ತೇ ಆಗಲಿಲ್ಲ.

ಆಮೇಲೆ ಮಂಡ್ಯದಲ್ಲಿ ಹೋಟೆಲಿನವರ ಸಭೆ. ಮದ್ದೂರು, ಮಳವಳ್ಳಿಯವರೂ ಸೇರಿದ್ದೆವು. ಎಲ್ಲ ಹೋಟೆಲುಗಳಲ್ಲೂ ಮೇಜಿನಿಂದ ಬಟ್ಟಲು ಇಳಿಯಬೇಕು ಎಂದು ಡಾಕ್ಟ್ರಮ್ಮ ಹೇಳಿದ್ದೇ ತಡ, ಗದ್ದಲ ಎದ್ದಿತು. ತಾವೇ ಒಲೆ ಮುಂದೆ ನಿಂತು ದೊಡ್ಡ ಹೋಟೆಲು ಕಟ್ಟಿದ ಮಳವಳ್ಳಿಯ ಮಾಲೀಕರೊಬ್ಬರು, "ಇದು ನಮ್ಮುನ್ನ ಮುಚ್ಸೋ ಪ್ಲಾನು" ಎಂದು ಎದ್ದರು. ಡಾಕ್ಟ್ರಮ್ಮ ವಾದಕ್ಕಿಳಿಯಲಿಲ್ಲ. "ಗಲ್ಲಾದಲ್ಲಿ ಕೂರೋರು ಕೂತಿರಿ. ಒಲೆ ಮುಂದೆ ನಿಲ್ಲೋರು ಇಲ್ಲಿ ಬನ್ನಿ" ಎಂದು ಚೀಲ ಬಿಚ್ಚಿದರು. ಮೊದಲು ನಮ್ಮ ಯಜಮಾನರು ಎದ್ದು ತೋಳು ಕೊಟ್ಟರು. "ಹೋದ್ ವರ್ಸ ಇದೇ ತೋಳು ನೋಡಿ ಈಯಮ್ಮ ನನ್ನ ಆಸ್ಪತ್ರೆಗೆ ಎಳ್ಕೊಂಡೋದ್ರು. ಇವತ್ತು ನೋಡಿ" ಎಂದರು. ಸರಿಯಾಗಿತ್ತು. ಎದೆ ಉಬ್ಬಿಬಂತು ನನಗೆ.

ಒಬ್ಬೊಬ್ಬರಾಗಿ ಅಡುಗೆ ಭಟ್ಟರು ಬಂದರು. ಮಳವಳ್ಳಿಯ ಮಾಲೀಕರೂ ಬೈದುಕೊಂಡೇ ಬಂದು ಕೂತರು. ಅವರ ಬಿಪಿ ನೋಡಿದ ಡಾಕ್ಟ್ರಮ್ಮ ಸಭೆ ಅಲ್ಲಿಗೇ ಬಿಟ್ಟು, ಅವರನ್ನು ಜೀಪಿಗೆ ಹತ್ತಿಸಿಕೊಂಡು ದೊಡ್ಡಾಸ್ಪತ್ರೆಗೆ ಹೊರಟೇಬಿಟ್ಟರು. ಆಮೇಲೆ ಯಾರೂ ಗದ್ದಲ ಮಾಡಲಿಲ್ಲ. ಗುಣವಾಗಿ ಬಂದ ಅವರು ತಮ್ಮ ಹೋಟೆಲಿನ ಗೋಡೆಗೆ ತಾವೇ ಬೋರ್ಡು ಹಾಕಿಸಿದರು: "ಉಪ್ಪು ಬೇಕಾದವರು ಕೇಳಿ." ಆ ಬೋರ್ಡು ಮದ್ದೂರಿಗೆ ಬಂತು, ಮಂಡ್ಯಕ್ಕೆ ಹೋಯಿತು. ಗೆದ್ದೆವು. ಯಾವ ಹೋಟೆಲೂ ಮುಚ್ಚಲಿಲ್ಲ. ನಮ್ಮ ಬೆಂಚುಗಳಂತೂ ಮಧ್ಯಾಹ್ನ ಇವತ್ತಿಗೂ ಭರ್ತಿ.

ಡಾಕ್ಟ್ರಮ್ಮ ರಿಟೈರಾಗಿ ಬ್ಲಫ್‌ನ ತಮ್ಮನ ಮನೆ ಸೇರಿದರು. ಈ ವರ್ಷ, ನಿದ್ದೆಯಲ್ಲೇ ಹೋದರು. ತಿಥಿಯ ದಿನ ಮೂರು ಊರಿನ ಭಟ್ಟರು ಯಾರೂ ಕರೆಯದೆ ಸೌಟು ಹಿಡಿದು ಹೋಗಿದ್ದರು. ಅಡುಗೆ ನಮ್ಮದು ಎಂದು ಹಟ ಹಿಡಿದು ಒಲೆ ಹೂಡಿದರು. ಮಳವಳ್ಳಿಯ ಮಾಲೀಕರು ಪಂಚೆ ಎತ್ತಿ ಕಟ್ಟಿ ಸಾರಿನ ಹಂಡೆಗೆ ನಿಂತರು. ನಮ್ಮ ಯಜಮಾನರು ಕೋಲಿನಿಂದ ಮುದ್ದೆ ತೊಳಸುತ್ತ, ಹಿಟ್ಟು ತರುವುದು ತಡವಾಯಿತೆಂದು ಅಷ್ಟು ಜನರ ಎದುರಿಗೆ ನನ್ನ ಮೇಲೆ ರೇಗಿದರು. ಬೇರೆ ದಿನವಾಗಿದ್ದರೆ ತಿರುಗಿ ಬೈಯುತ್ತಿದ್ದೆ. ಅವತ್ತು ಸುಮ್ಮನೆ ನಿಂತು ಕೇಳಿಸಿಕೊಂಡೆ. ರೇಗುವುದಕ್ಕೆ ಯಜಮಾನರು ಬದುಕಿ ಉಳಿದಿದ್ದರಲ್ಲ, ಅದು ಆಯಮ್ಮನ ಋಣ.