ಮುನೇಶ್ ತೆರೆದ ಹಳೆಯ ಡಿಸ್ಕು

ಕೆಂಚಾರ್ಲಹಳ್ಳಿಯ ಮುನೇಶ್ ತನ್ನನ್ನು ಸಿಸ್ಟಮ್ ಇಂಜಿನಿಯರ್ ಎಂದು ಕರೆದುಕೊಳ್ಳುತ್ತಿದ್ದ. ಬೇರೆ ಯಾರೂ ಕರೆಯದಿದ್ದುದರಿಂದ ಕರೆಯುವ ಕೆಲಸವೂ ಅವನ ಮೇಲೇ ಬಿದ್ದಿತ್ತು. ಜಂಗಮಕೋಟೆ ಬಳಿಯ ಚಾಕಿ ಕೇಂದ್ರದಲ್ಲಿ ಅವನಿಗೆ ಸಂಬಳ. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಎರಡನೇ ಜ್ವರ ಏಳುವವರೆಗೆ, ಅಂದರೆ ಎರಡನೇ ಸಲ ಪೊರೆ ಬಿಟ್ಟು ಮತ್ತೆ ಮೇಯಲು ಏಳುವವರೆಗೆ ಸಾಕಿ ರೈತರಿಗೆ ಹಂಚುವುದು ಅಲ್ಲಿನ ಕಸುಬು. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದು ಇವನ ಇಂಜಿನಿಯರಿಂಗು.

ಯಾವ ಮನೆಗೆ ಎಷ್ಟು ಮೊಟ್ಟೆಯ ಹುಳು ಎಂಬ ಪಟ್ಟಿ ಹಳೆಯ ಕಂಪ್ಯೂಟರಿನಲ್ಲಿತ್ತು; ಒಂದು ಚಿಟ್ಟೆ ಇಟ್ಟದ್ದಷ್ಟೂ ಇಲ್ಲಿನ ಲೆಕ್ಕಕ್ಕೆ ಒಂದು ಮೊಟ್ಟೆ. ಹಂಚುವ ಹಿಂದಿನ ದಿನ ಅದು ಕೆಟ್ಟು ನಿಂತಿತು. ಡಿಸ್ಕ್ ಮಾತ್ರ ಉಳಿಯಿತು. ಮೂವತ್ತೆಂಟು ಮನೆಯವರು ಹುಳು ಮನೆ ತೊಳೆದು ಕಾಯುತ್ತಿದ್ದರು. ಜ್ವರ ಎದ್ದು ಹಸಿದ ಹುಳು ಯಾವ ಪಟ್ಟಿಗೂ ಕಾಯುವುದಿಲ್ಲ.

ಆಗುತ್ತೇನಪ್ಪ ಎಂದು ಮಾಲೀಕ ರಮೇಶ್‌ಬಾಬು ಕೇಳಿದ್ದಕ್ಕೆ, ಅರ್ಧ ಗಂಟೆ ಸಾರ್ ಎಂದ. ಅವನ ಹಿಂದಿನ ಅರ್ಧ ಗಂಟೆ ಯುಗಾದಿಗೆ ಶುರುವಾಗಿ ದಸರೆಗೆ ಮುಗಿದಿತ್ತು.

ಹಳೆಯ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಅದಕ್ಕೆ ವರ್ಚುವಲ್ ಮಷಿನ್ ಹಾಕಿದ. ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್. ಡಿಸ್ಕ್ ಸಿಕ್ಕಿಸಿದರೆ, ಹೊರಗಿನದು ಆಗಲೇ ಬಳಸುತ್ತಿದೆ, ತೆರೆಯಲಾಗದು ಎಂದು ಒಳಗಿನದು ಹೇಳಿತು. ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲುತ್ತಿದ್ದ. ಮುನೇಶ್ ಯಾವುದೋ ವಿಡಿಯೋ ನೋಡಿ ಆ ತಡೆಯನ್ನೇ ಕಿತ್ತುಹಾಕಿ, ಒಳಗಿನದಕ್ಕೂ ಬರೆಯುವ ಅಧಿಕಾರ ಕೊಟ್ಟ. ಡಿಸ್ಕ್ ತೆರೆಯಿತು. ಎರಡೂ ಒಟ್ಟಿಗೆ ಅದರ ಮೇಲೆ ಗೀಚತೊಡಗಿದವು. ಅವನು ಮೀಸೆ ಸವರಿಕೊಳ್ಳುವಷ್ಟರಲ್ಲಿ ಪಟ್ಟಿಯ ಕೊನೆಯ ಸಾಲು ಬರೀ ಚೌಕ ಚೌಕ ಡಬ್ಬಿಗಳಾಯಿತು. ಗಾಬರಿಯಲ್ಲಿ ಡಿಸ್ಕಿನ ವೈರನ್ನೇ ಎಳೆದುಬಿಟ್ಟ.

ಮಾಲೀಕರ ಕಣ್ಣು ತಪ್ಪಿಸಲು ಕೇಂದ್ರದ ಹುಳು ಮನೆ ಕಡೆ ಹೋದ. ಬಾಗಿಲಲ್ಲಿ ಹುಳುಗಳಿಗೆ ಸೊಪ್ಪು ಹಾಕುವ ಆಂಜಿನಮ್ಮ ಅವನ ಚಪ್ಪಲಿ ನೋಡಿ ಸೊಪ್ಪಿನ ಬುಟ್ಟಿ ಅಡ್ಡ ಇಟ್ಟಳು.

"ಅಲ್ಲೇ ನಿಲ್ಲಪ್ಪ. ನಾನು ಒಳಗಿದ್ರೆ ಇನ್ನೊಬ್ರು ಹುಳದ ತಟ್ಟೇಗೆ ಕೈ ಹಾಕಂಗಿಲ್ಲ. ನೋಡ್ಬೇಕಾ, ಕಿಟಕೀಲಿ ನೋಡ್ಕೊಂಡು ಹೋಗು."

ಮುನೇಶ್ ಕಿಟಕಿಯಲ್ಲಿ ಮುಖ ಇಟ್ಟು ನಿಂತ. ಕೈ ಹಾಕುವುದು ಒಬ್ಬರೇ, ಉಳಿದವರು ನೋಡುವುದಷ್ಟೇ ಎಂದು ಡಿಪ್ಲೊಮಾದಲ್ಲಿ ಮೂರು ವರ್ಷ ಹೇಳಿಕೊಟ್ಟಿದ್ದು ಆಗ ತಲೆಗೆ ಹೋಯಿತು. ವಾಪಸ್ ಬಂದು ಡಿಸ್ಕನ್ನು ಹೊರಗಿನ ಯಂತ್ರದಿಂದ ಬಿಡಿಸಿ, ಒಳಗಿನದಕ್ಕೆ ಓದಲು ಮಾತ್ರ ಕೊಟ್ಟ. ಮೂವತ್ತೇಳು ಮನೆಗಳು ಸರಿಯಾಗಿ ಬಂದವು. ಡಬ್ಬಿಯಾದ ಸಾಲಿನಲ್ಲಿ ಊರಿನ ಹೆಸರು ಮಾತ್ರ ಉಳಿದಿತ್ತು: ಕೆಂಚಾರ್ಲಹಳ್ಳಿ. ಆ ಊರಿಂದ ಕೇಂದ್ರಕ್ಕೆ ಬರುತ್ತಿದ್ದುದು ಒಂದೇ ಮನೆ, ಅವನದೇ. ಅಪ್ಪ ವೆಂಕಟರವಣಪ್ಪ ತಮ್ಮ ಮನೆಯ ಲೆಕ್ಕವನ್ನು ಮೂರು ಸಲ ಹೇಳಿದ್ದ. ಮೂರು ಸಲವೂ ಮಗ ಫೋನಿನಿಂದ ತಲೆ ಎತ್ತದೆ, ಎಲ್ಲಾ ಸಿಸ್ಟಮ್ಮಲ್ಲಿದೆ ಬಿಡು ಎಂದಿದ್ದ.

ಫೋನ್ ಮಾಡಿದ. "ಅಪ್ಪಾ, ನಮ್ದು ಎಷ್ಟು ಮೊಟ್ಟೆ?"

"ಯಾಕಪ್ಪ, ನಿನ್ ಸಿಸ್ಟಮ್ಮು ಹೇಳ್ಲಿಲ್ವಾ?"

ಆ ಕಡೆ ಅಪ್ಪ ಅದನ್ನು ಅಮ್ಮನಿಗೂ ಹೇಳಿ, ಇಬ್ಬರೂ ನಕ್ಕು ಮುಗಿಸುವವರೆಗೆ ಇವನು ಕಾಯಬೇಕಾಯಿತು.

"ನೂರೈವತ್ತು. ಬರ್ಕೋ, ಪೇಪರ್ ಮೇಲೆ."

ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಎಳೆದು, ಸುಕ್ಕು ಬಿಡಿಸಿ, ಇಂಜಿನಿಯರ್ ಅದರ ಬೆನ್ನಿಗೆ ಬರೆದುಕೊಂಡ.