ನೀಲಿ ಹೊಗೆಯ ಲಾರಿ

ಭಾಲ್ಕಿಯಲ್ಲಿ ನಮ್ಮ ನೆರೆಮನೆಯಾಕೆ ಲಾರಿ ಡ್ರೈವರನ ಹೆಂಡತಿ. ಲಾರಿ ಹತ್ತಿದವಳಲ್ಲ, ಅದರ ಹೊಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ರೊಟ್ಟಿ ಬಡಿಯುತ್ತ ನನ್ನ ತಾಯಿಗೆ ಹೇಳುತ್ತಿದ್ದಳು: "ಕರಿ ಹೊಗಿ ಬಂದ್ರ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಒಲ್ಯಾಗ ಕಟಗಿ ತುರುಕಿದ್ರ ಹಂಗೇ ಆಗ್ತದಲ್ಲಕ್ಕಾ? ನೀಲಿ ಬಂತಂದ್ರ ಇಂಜಿನ್ ಎಣ್ಣಿ ಉರಿಲತ್ತದ. ಹೊಗಿ ಸುಳ್ಳ ಹೇಳಲ್ರಿ." ಗಂಡ ಓಡಿಸುತ್ತಿದ್ದ ಹಳೆಯ ಲಾರಿ ನೀಲಿ ಹೊಗೆಯದು. ಆಕೆಯ ಮಾತೆಲ್ಲ 'ಹೊಗಿ ಸುಳ್ಳ ಹೇಳಲ್ರಿ' ಎಂದೇ ಮುಗಿಯುತ್ತಿತ್ತು.

ಸೇನೆ ಬಂದು ಪೊಲೀಸ್ ಆಕ್ಷನ್ ಆದ ಹೊಸತು; ಸುತ್ತೆಲ್ಲ ಲೂಟಿ, ಹೊಡೆದಾಟದ ಗಡಬಡಿ. ಬಂದವರು ಯಾರೋ ಎಂಬ ಭಯಕ್ಕೆ, ಯಾವ ಗಾಡಿಯ ಸದ್ದು ಕೇಳಿದರೂ ಓಣಿಯವರೆಲ್ಲ ಬಾಗಿಲು ಹಾಕಿಕೊಳ್ಳುತ್ತಿದ್ದರು. ಲಾರಿ ತೆಗೆದುಕೊಂಡು ಔರಾದಿಗೆ ಹೋದ ಆಕೆಯ ಗಂಡ ಮರಳಿರಲಿಲ್ಲ. ಒಂದು ಮಧ್ಯಾಹ್ನ ದೂರದಲ್ಲಿ ಲಾರಿಯ ಸದ್ದಾಯಿತು. ನಾವು ಅಗಳಿ ಹಾಕಿದೆವು. ಆಕೆ ಮಾಳಿಗೆ ಹತ್ತಿ ನೋಡಿ, ಇಳಿದು ಬಂದು ಬಾಗಿಲು ತೆರೆದಳು.

"ತೆಗಿಬ್ಯಾಡ ತಂಗಿ!" ಎಂದು ತಾಯಿ ಕಿಟಕಿಯಿಂದ ಕೂಗಿದಳು.

"ನೀಲಿ ಹೊಗಿ ಅದ ಅಕ್ಕಾ. ನಮ್ಮವ್ರೇ ಬರಲತ್ತಾರ."

ಬಂದವನು ಅವನೇ.

ಕೆಲವು ದಿನಗಳ ಮೇಲೆ ಲಾರಿಯ ಮಾಲಕ ಬೀದರಿನಲ್ಲಿ ಇಂಜಿನ್ ಬಿಚ್ಚಿಸಿ ದುರಸ್ತಿ ಮಾಡಿಸಿದ. ಹೊಗೆ ನಿಂತಿತು. ಲಾರಿ ಮತ್ತೆ ಓಣಿಗೆ ಬಂದಾಗ ಎಲ್ಲರ ಬಾಗಿಲ ಜೊತೆ ಆಕೆಯ ಬಾಗಿಲೂ ಹಾಕಿತ್ತು. ಗಂಡ ಕೆಳಗಿಳಿದು ಕೂಗಿದ ಮೇಲೆಯೇ ಅಗಳಿ ಸರಿಯಿತು.

"ನೋಡು, ಈಗ ಜರಾನೂ ಹೊಗಿ ಇಲ್ಲ," ಎಂದ ಅವನು, ಹಿಗ್ಗಿನಿಂದ.

ಆಕೆ ಹೊಗೆಕೊಳವೆಯನ್ನೇ ನೋಡುತ್ತ ನಿಂತಳು.

"ಗಡಬಡಿ ಮುಗಿಯೋತನ ಆ ನೀಲಿ ಹೊಗಿ ಇರ್ಲಂತ ಬಿಡಬೇಕಾಗಿತ್ರಿ," ಎಂದಳು.